ಯಾರ ಸಲಿಗೆ?

ತರಗತಿಯಲ್ಲಿ ಕಥೆಯೊಂದನ್ನು ಪಾಠ ಮಾಡುತ್ತಿದ್ದೆ. ತೋಟದ ಯಜಮಾನ ತನಗಿಂತ ಹಿರಿಯನಾದ ಆಳನ್ನು 'ಬಾರಲಾ' ಅನ್ನುತ್ತಾನೆ. 'ಇಲ್ಲಿ ಯಜಮಾನ ಸಲಿಗೆಯಿಂದ ಕರೆಯುತ್ತಾನೆ' ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸಾರ್, ಆಳೂ ಅವನ್ನ ಹಂಗೇ ಕರೀಬೋದಾ?' ಅಂದ.

ನಾನು ಸುಮ್ಮನಾದೆ. ಉತ್ತರ ನಮ್ಮ ಮನೆಯಲ್ಲೇ ಇತ್ತು. ಅರಳಗುಪ್ಪೆ ಸುತ್ತಿನ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದ ನಮ್ಮಪ್ಪನನ್ನು ಯಜಮಾನರ ಹತ್ತು ವರ್ಷದ ಮಗನೂ 'ಲೋ' ಅನ್ನುತ್ತಿದ್ದ. ಅಪ್ಪ ಆ ಹುಡುಗನಿಗೆ 'ಬುದ್ಧಿ' ಅನ್ನುತ್ತಿದ್ದ.

ಏಕವಚನವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಪ್ಪನನ್ನು ನಾನು 'ನೀನು' ಅಂತೀನಿ. ಊರಿನ 9ನೇ ಶತಮಾನದ ಕಲ್ಲೇಶ್ವರನನ್ನೂ ಭಕ್ತರು 'ನೀನು' ಅಂತಾರೆ. ಬಸವಣ್ಣ ಕೂಡಲಸಂಗಮನ ಜೊತೆ ಜಗಳ ಆಡಿದ್ದೂ ಏಕವಚನದಲ್ಲೇ. ಅಲ್ಲೆಲ್ಲ ಸಲಿಗೆ ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ. 'ಸಲ್ಲು' ಎಂಬ ಮಾತಿನ ಜೊತೆಗಿಟ್ಟು 'ಸಲಿಗೆ'ಯನ್ನು ನೋಡೋಣ. ನಾಣ್ಯ ಕೊಟ್ಟವನ ಕೈಯಲ್ಲೂ ಸಲ್ಲಬೇಕು, ಪಡೆದವನ ಕೈಯಲ್ಲೂ ಸಲ್ಲಬೇಕು. ಒಂದೇ ಕೈಯಲ್ಲಿ ಸಲ್ಲುವುದಾದರೆ ಅದು ಅಧಿಕಾರ. ನಮ್ಮ ಆಡುಮಾತೇ ಇದನ್ನು ಬಯಲು ಮಾಡುತ್ತದೆ: ಮೇಲಿನವರು ಸಲಿಗೆ 'ಕೊಡುತ್ತಾರೆ', ಕೆಳಗಿನವರು ಒಂದಿಷ್ಟು ತೆಗೆದುಕೊಂಡರೆ, 'ಸಲಿಗೆ ಕೊಟ್ಟಿದ್ದಕ್ಕೆ ತಲೆ ಮೇಲೆ ಕೂತ' ಅಂತಾರೆ.

1975ರ 'ಹೊಲೆಮಾದಿಗರ ಹಾಡು' ಸಂಕಲನದಲ್ಲಿ ಸಿದ್ಧಲಿಂಗಯ್ಯ ಕೇರಿಯ 'ಲಾ'ವನ್ನು ಕಾವ್ಯಕ್ಕೆ ತಂದರು. ಯಜಮಾನನ ಬಾಯಲ್ಲಿ ಬೈಗುಳವಾಗಿದ್ದ ಅದೇ ಅಕ್ಷರ ಅಲ್ಲಿ ತನ್ನವರನ್ನು ಕೂಗುವ ದನಿಯಾಯಿತು. ನಿಜವಾದ ಸಲಿಗೆ ಅದು, ಯಾಕೆಂದರೆ ಕೂಗಿಸಿಕೊಂಡವನೂ ಹಾಗೇ ತಿರುಗಿ ಕೂಗಬಲ್ಲ. ಕವಿಯ 'ಲಾ' ಒರಟು, ಯಜಮಾನನ 'ಲಾ' ಸಲಿಗೆ ಎಂದು ಓದುವುದಾದರೆ, ನಮ್ಮ ವಿಮರ್ಶೆ ಯಾರ ಜಗಲಿ ಮೇಲೆ ಕೂತು ಮಾತಾಡುತ್ತಿದೆ? ನಾನೂ ಅಲ್ಲೇ ಕೂತಿದ್ದೆ ಎಂಬುದು ನನ್ನ ನಾಚಿಕೆ. ಎಂ.ಎ. ಓದು ಅಪ್ಪನ 'ಬುದ್ಧಿ'ಯನ್ನು ನನಗೆ ಮರೆಸಿತ್ತು.

ಸಲಿಗೆಗೂ ಸುಲಿಗೆಗೂ ಒಂದು ಕೊಂಬಿನ ಅಂತರ. ಹಳ್ಳಿಯ ಆತ್ಮೀಯತೆಯನ್ನು ಕೊಂಡಾಡುವವರು 'ಸಲಿಗೆಯಿಂದ' ಎಂದು ಬರೆಯುವ ಮುಂಚೆ ಆ ಮಾತನ್ನು ಒಮ್ಮೆ ತಿರುಗಿಸಿ, ಆಳಿನ ಬಾಯಲ್ಲಿಟ್ಟು ನೋಡಲಿ. ಅಲ್ಲಿಯೂ ಸಂದರೆ ಬರೆಯಲಿ.

ಮಾರನೇ ದಿನ ಆ ಹುಡುಗನಿಗೆ ಹೇಳಿದೆ: 'ಕರೆಯೋ ಹಂಗಿಲ್ಲ ಕಣಪ್ಪ. ನಿನ್ನೆ ನಾನು ಹೇಳಿದ್ದು ತಪ್ಪು.'