ಧಾಟಿಯಿಂದ ರಾಗಕ್ಕೆ: ವಾಗ್ಗೇಯಕಾರರಾಗಿ ಕುಮಾರ ಗಂಧರ್ವ

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಕುಮಾರ ಗಂಧರ್ವರೆಂದು ಪ್ರಖ್ಯಾತರಾದುದು ಬಾಲ್ಯದಲ್ಲಿಯೇ. ಅವರ ಗಾಯನದ ಬಗೆಗೆ ವಿಪುಲವಾದ ಚರ್ಚೆ ನಡೆದಿದೆ. ಆದರೆ ರಾಗಗಳನ್ನೂ ಬಂದಿಶ್‌ಗಳನ್ನೂ ನಿರ್ಮಿಸಿದ ವಾಗ್ಗೇಯಕಾರರಾಗಿ ಅವರನ್ನು ವಿವೇಚಿಸುವ ಪ್ರಯತ್ನ ಕನ್ನಡದಲ್ಲಿ ವಿರಳ. ಆ ದಿಕ್ಕಿನಲ್ಲಿ ಕೆಲವು ವಿಚಾರಗಳನ್ನು ಮಂಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣ ಪಡೆದ ಕುಮಾರರು ಕ್ಷಯರೋಗಕ್ಕೆ ತುತ್ತಾಗಿ 1948ರಲ್ಲಿ ಮಾಳವದ ದೇವಾಸಕ್ಕೆ ತೆರಳಿದರು. ಹಾಡಲಾಗದ ಆ ವರ್ಷಗಳಲ್ಲಿ ಅವರು ಸುತ್ತಲಿನ ಜನಪದರ ಹಾಡುಗಳನ್ನು ಆಲಿಸಿದರು. ಅವರ ಬಿಡಿಬಿಡಿಯಾದ ಸ್ವರಪುಂಜಗಳ ಶೈಲಿಗೆ ರೋಗವೇ ಕಾರಣವೆಂಬ ವಿವರಣೆ ರೂಢಿಯಲ್ಲಿದೆ. ಅದು ಗಾಯನದ ಮಟ್ಟಿಗೆ ಭಾಗಶಃ ಸತ್ಯವಿರಬಹುದು. ರಚನೆಯ ಮಟ್ಟಿಗೆ ಸಾಲದು. ರೋಗವು ಅವರಿಗೆ ಬಿಡುವನ್ನು ಕೊಟ್ಟಿತು, ವಿಧಾನವನ್ನು ಕೊಡಲಿಲ್ಲ.

ಆ ವಿಧಾನದ ತಿರುಳು ಇಷ್ಟು: ಜನಪದ ಧಾಟಿಯಲ್ಲಿ ಸ್ವರಗಳು ಕೆಲವೇ. ಸ್ವರಗಳು ನಾಲ್ಕಕ್ಕೆ ಸೀಮಿತವಾದರೆ ಅದು ಮಾರ್ಗವೆನಿಸದೆಂಬ ವಿಚಾರ ಮತಂಗನ ‘ಬೃಹದ್ದೇಶಿ’ಯಷ್ಟು ಹಳೆಯದು. ಕುಮಾರರು ಆ ಮಿತಿಯನ್ನು ಕೊರತೆಯೆಂದು ಎಣಿಸದೆ ಬೀಜವೆಂದು ಭಾವಿಸಿದರು. ಧಾಟಿಯೊಳಗಿನ ಚಲನೆ, ನಿಲುಗಡೆ ಮತ್ತು ಒತ್ತುಗಳನ್ನು ಗುರುತಿಸಿ, ಅವು ಬೇಡುವ ಉಳಿದ ಸ್ವರಗಳನ್ನು ಕೂಡಿಸಿದರು. ಮಾಲವತಿ, ಸಂಜಾರಿ, ಲಗನಗಾಂಧಾರ ಮೊದಲಾದ ‘ಧುನ್ ಉಗಮ’ ರಾಗಗಳು ಹೀಗೆ ರೂಪುಗೊಂಡವು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ವು ಈ ಸಾಧನೆಯ ಲಿಖಿತ ದಾಖಲೆ. ಇಲ್ಲಿ ಬಂದಿಶ್ ಎಂಬುದು ರಾಗವಿಸ್ತಾರಕ್ಕೆ ನೆಪವಲ್ಲ. ರಾಗದ ಲಕ್ಷಣವೇ ಅದರಲ್ಲಿ ಅಡಕವಾಗಿದೆ.

ಈ ಸಾಧನೆಗೂ ಒಂದು ಮಿತಿಯಿದೆ. ಹೊಸ ರಾಗವೊಂದು ಪರಂಪರೆಗೆ ಸೇರಿತೆನ್ನಲು ಅದು ಕರ್ತೃವಿನ ಶಿಷ್ಯವರ್ಗವನ್ನು ದಾಟಿ ಅನ್ಯ ಘರಾಣೆಗಳ ಕಂಠಕ್ಕೆ ಸಲ್ಲಬೇಕು. ಕುಮಾರರ ರಾಗಗಳು ಇಂದಿಗೂ ಹೆಚ್ಚಾಗಿ ಅವರ ಶಿಷ್ಯಪರಂಪರೆಯಲ್ಲಿಯೇ ಬಾಳುತ್ತಿವೆ. ಅವರ ಗಾಯನವ್ಯಕ್ತಿತ್ವದ ಪ್ರಖರತೆಯೇ ರಚನೆಗಳ ಸ್ವತಂತ್ರ ಸಂಚಾರಕ್ಕೆ ಅಡ್ಡಿಯಾಯಿತೆಂದು ತೋರುತ್ತದೆ.

ನಮಗೆ ಇನ್ನೂ ಸಮೀಪದ ಪ್ರಶ್ನೆಯೊಂದಿದೆ. ಕುಮಾರರ ಜನ್ಮಜಿಲ್ಲೆಯಲ್ಲಿಯೇ ಧಾಟಿಗಳ ದೊಡ್ಡ ಭಂಡಾರವಿದೆ: ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಪದಗಳು, ಕಿತ್ತೂರು ಚೆನ್ನಮ್ಮ ಹಾಗೂ ಸಂಗೊಳ್ಳಿ ರಾಯಣ್ಣರ ಲಾವಣಿಗಳು, ಸವದತ್ತಿ ಎಲ್ಲಮ್ಮನ ಗುಡ್ಡದ ಚೌಡಿಕೆ ಪದಗಳು, ರಾಮದುರ್ಗ ಭಾಗದ ಭಜನಾಪದಗಳು. ಮಾಳವದ ಧಾಟಿಗಳಿಗೆ ಒದಗಿದ ಭಾಗ್ಯ ಇವುಗಳಿಗೆ ಒದಗಲಿಲ್ಲ. ಕುಮಾರರು ಎಳೆಯ ವಯಸ್ಸಿನಲ್ಲಿಯೇ ನಾಡನ್ನು ಬಿಟ್ಟರು. ಆದುದರಿಂದ ಈ ಹೊಣೆಯನ್ನು ಅವರ ಮೇಲೆ ಹೊರಿಸಲಾಗದು. ಅದು ನಮ್ಮ ಜಾನಪದ ಅಧ್ಯಯನಕ್ಕೆ ಸಂಬಂಧಿಸಿದುದು. ನಾವು ಪಠ್ಯವನ್ನು ಸಂಪಾದಿಸಿದ ಶ್ರದ್ಧೆಯಿಂದ ಧಾಟಿಯನ್ನು ಸಂಗ್ರಹಿಸಲಿಲ್ಲ. ಸ್ವರಲಿಪಿಯಿಲ್ಲದ ಲಾವಣಿ ಓದಲು ಉಳಿಯುತ್ತದೆ, ಹಾಡಲು ಉಳಿಯುವುದಿಲ್ಲ. ಮೇಳದ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾದಂತೆ ಧಾಟಿಗಳೂ ಅಳಿಯುತ್ತವೆ.

ಕುಮಾರರು 1992ರ ಜನವರಿ 12ರಂದು ದೇವಾಸದಲ್ಲಿ ನಿಧನರಾದರು. ಬೆಳಗಾವಿಯ ರಂಗಮಂದಿರವೊಂದು ಅವರ ಹೆಸರನ್ನು ಹೊತ್ತಿದೆ. ಆ ಗೌರವ ಉಚಿತವೇ. ಆದರೆ ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ಹುಟ್ಟೂರಿನ ಹೆಸರಿನಿಂದಷ್ಟೇ ಸಿದ್ಧಿಸದು. ಈ ನಾಲ್ಕು ತಾಲ್ಲೂಕುಗಳ ಧಾಟಿಗಳನ್ನು ಧ್ವನಿಮುದ್ರಿಸಿ, ಸ್ವರಲಿಪಿಗೆ ಇಳಿಸಿ, ಗ್ರಂಥರೂಪದಲ್ಲಿ ಹೊರತರುವ ಕಾರ್ಯವು ಅವರ ವಿಧಾನಕ್ಕೆ ಸಲ್ಲಿಸುವ ನಿಜವಾದ ಮನ್ನಣೆಯಾಗುತ್ತದೆ. ಅವುಗಳಿಂದ ರಾಗ ಹುಟ್ಟುವುದೋ ಇಲ್ಲವೋ ಮುಂದಿನ ವಾಗ್ಗೇಯಕಾರರಿಗೆ ಬಿಟ್ಟ ವಿಷಯ. ಬೀಜವನ್ನು ಉಳಿಸುವುದು ಮಾತ್ರ ಸಂಶೋಧಕರ ಹೊಣೆ.