‘ಅಟೋನ್‌ಮೆಂಟ್’: ಒಂದು ಪದದ ವಂಶಾವಳಿ

ದೈವಶಾಸ್ತ್ರದ ಪ್ರಮುಖ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದವು. ‘ಅಟೋನ್‌ಮೆಂಟ್’ ಇದಕ್ಕೆ ಅಪವಾದ. ಅದು ಇಂಗ್ಲಿಷ್ ನೆಲದಲ್ಲೇ ರೂಪುಗೊಂಡ ಪದ. ಇದನ್ನು ‘ಅಟ್-ಒನ್-ಮೆಂಟ್’ ಎಂದು ಬಿಡಿಸುವುದು ಬೋಧಕರ ಶ್ಲೇಷೆ ಮಾತ್ರವೆಂದು ಕೆಲವರು ಭಾವಿಸುತ್ತಾರೆ. ಆದರೆ ಈ ವ್ಯುತ್ಪತ್ತಿ ನಿಜವಾದುದೇ. ‘ಅಟ್ ಒನ್’ ಎಂದರೆ ಒಮ್ಮತದಲ್ಲಿರುವುದು. ‘ಅಲೋನ್’, ‘ಓನ್ಲಿ’ ಪದಗಳಲ್ಲಿ ಉಳಿದಿರುವ ‘ಒನ್’ ಪದದ ಹಳೆಯ ಉಚ್ಚಾರಣೆಯೇ ಇಲ್ಲಿಯೂ ಉಳಿದಿದೆ.

ವಿಲಿಯಂ ಟಿಂಡೇಲ್ ಈ ಪದವನ್ನು ಸೃಷ್ಟಿಸಿದನೆಂಬ ಪ್ರಚಲಿತ ಹೇಳಿಕೆ ಮಾತ್ರ ನಿಲ್ಲುವಂಥದ್ದಲ್ಲ. ಅವನ ಹೊಸ ಒಡಂಬಡಿಕೆ ಪ್ರಕಟವಾದದ್ದು 1526ರಲ್ಲಿ. ಅದಕ್ಕೂ ಮುನ್ನ, ಸುಮಾರು 1513ರಲ್ಲಿ, ಅವನ ಕಟು ವಿರೋಧಿ ಸಂತ ಥಾಮಸ್ ಮೋರ್ ಮೂರನೆಯ ರಿಚರ್ಡ್ ರಾಜನ ಚರಿತ್ರೆಯಲ್ಲಿ ಇದನ್ನು ಬಳಸಿದ್ದರು. ಅಲ್ಲಿ ಅದರ ಅರ್ಥ ಹಗೆತನ ಕಳೆದು ಆದ ರಾಜಿ. ಒಂದೇ ಪಂಗಡದವರಾಗದ ಇಬ್ಬರೂ ಒಂದಾಗುವಿಕೆಗೆ ಒಂದೇ ಪದವನ್ನು ಬಳಸಿದ್ದರು.

ಟಿಂಡೇಲ್ ರೋಮನರಿಗೆ 5:11ರ ‘ಕತಲ್ಲಗೇ’ ಎಂಬ ಗ್ರೀಕ್ ಪದಕ್ಕೆ ಇದನ್ನೇ ಇಟ್ಟನು. 1530ರ ಪಂಚಗ್ರಂಥಗಳ ಅನುವಾದದಲ್ಲಿ ಬಲಿವಿಧಿಗೆ ಸಂಬಂಧಿಸಿದ ‘ಕಿಪ್ಪೆರ್’ ಎಂಬ ಹೀಬ್ರೂ ಕ್ರಿಯಾಪದಕ್ಕೂ ಇದನ್ನೇ ಬಳಸಿದನು. ಹೀಗೆ ಸಂಧಾನ, ದೋಷಪರಿಹಾರ ಎಂಬ ಎರಡು ಭಾರಗಳು ಒಂದೇ ಪದದ ಹೆಗಲೇರಿದವು. ಕಾಲಕ್ರಮೇಣ ಎರಡನೆಯದೇ ಮೇಲುಗೈ ಪಡೆಯಿತು. ಇಂದು ‘ಅಟೋನ್’ ಎಂದರೆ ತಪ್ಪಿಗೆ ಬೆಲೆ ತೆರುವುದು. 1611ರ ಅನುವಾದ ರೋಮನರಿಗೆ 5:11ರಲ್ಲಿ ಉಳಿಸಿಕೊಂಡಿದ್ದ ಆ ಪದವನ್ನು 1881ರ ಪರಿಷ್ಕರಣೆ ಕೈಬಿಟ್ಟು ‘ರೆಕನ್ಸಿಲಿಯೇಷನ್’ ಎಂದು ಬದಲಿಸಿತು.

ವ್ಯುತ್ಪತ್ತಿಯಿಂದ ಸಿದ್ಧಾಂತವನ್ನು ಸಾಧಿಸಲಾಗದೆಂಬ ಜೇಮ್ಸ್ ಬಾರ್ ಅವರ 1961ರ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಪದದ ಹುಟ್ಟು ಶಿಲುಬೆಯ ಅರ್ಥವನ್ನು ನಿರ್ಣಯಿಸದು. ಪೌಲರ ವಾದಸರಣಿಯೇ ಅದನ್ನು ನಿರ್ಣಯಿಸಬೇಕು. ಆದರೆ ಪದದ ಚರಿತ್ರೆ, ಅರ್ಥ ಎಲ್ಲಿ ಜಾರಿತೆಂಬುದನ್ನು ತೋರಿಸಬಲ್ಲದು.

ಕನ್ನಡದಲ್ಲಿ ಬೋಧಿಸುವ ನಮಗೆ ಇದು ಪರಭಾಷೆಯ ಕುತೂಹಲವಷ್ಟೇ ಅಲ್ಲ. ‘ಅಟೋನ್‌ಮೆಂಟ್’ ಕಂಡಲ್ಲೆಲ್ಲ ‘ಪ್ರಾಯಶ್ಚಿತ್ತ’ ಎಂದು ಬರೆದರೆ ಆ ಜಾರುವಿಕೆಯನ್ನೂ ಆಮದು ಮಾಡಿಕೊಂಡಂತೆ. ಪ್ರಾಯಶ್ಚಿತ್ತ ತಪ್ಪಿತಸ್ಥನು ಮಾಡಿಕೊಳ್ಳುವಂಥದ್ದು. ಪೌಲರು ಹೇಳುವ ಸಂಧಾನವಾದರೋ ದೇವರೇ ಕ್ರಿಸ್ತನಲ್ಲಿ ನೆರವೇರಿಸಿದ್ದು. ನಾವು ಅದನ್ನು ಪಡೆಯುವವರು. ಬಲಿವಿಧಿಯ ಸಂದರ್ಭದಲ್ಲಿ ‘ದೋಷಪರಿಹಾರ’, ಪೌಲರ ಸಂದರ್ಭದಲ್ಲಿ ‘ಸಂಧಾನ’ ಎಂದು ಬೇರ್ಪಡಿಸಿ ಬಳಸುವುದು ಉಚಿತ. ಪಾಪಭಾರದಿಂದ ಕುಗ್ಗಿ ಬಂದವನಿಗೆ, ಇನ್ನೂ ತೀರಿಸಬೇಕಾದ ಸಾಲದ ಲೆಕ್ಕವನ್ನು ಒಪ್ಪಿಸುತ್ತೇವೆಯೋ, ಆಗಲೇ ಚಾಚಿರುವ ಕೈಯನ್ನು ತೋರಿಸುತ್ತೇವೆಯೋ ಎಂಬುದು ಈ ಪದದ ಆಯ್ಕೆಯನ್ನೂ ಅವಲಂಬಿಸಿದೆ.