ಮುಂದಿನ ಶಾಕಪ್ ಹೋಗಿದೆ, ಆದ್ರೂ ಓಡುತ್ತೆ!

ತುಮಕೂರಿನ ಕೆಎ-06 ಫಲಕದ ಹಳೇ ಕಾರು ಮಾರಾಟಕ್ಕಿದೆ ಎಂದು ನೋಡಲು ಹೋದರೆ ಎರಡು ಮಾತು ಖಚಿತವಾಗಿ ಕಿವಿಗೆ ಬೀಳುತ್ತವೆ. ಎಂಜಿನ್ ಗುಂಡುಕಲ್ಲು ಎಂಬುದು ಮೊದಲನೆಯದು. 'ಮುಂದಿನ ಶಾಕಪ್ ಹೋಗಿದೆ, ಆದ್ರೂ ಓಡುತ್ತೆ' ಎಂಬುದು ಎರಡನೆಯದು. ಇದನ್ನು ಹೇಳುವವರಿಗೆ ಅಳುಕೇ ಇರುವುದಿಲ್ಲ. ಶಾಕಪ್ ಎಂದರೆ ಸೊಂಟಕ್ಕೆ ಸುಖ ಕೊಡುವ ಸಾಮಾನು, ಹೋದರೆ ಒಂದಿಷ್ಟು ಕುಲುಕಾಟ ಜಾಸ್ತಿ ಎಂಬ ಲೆಕ್ಕಾಚಾರ.

ಪದ್ಮಿನಿ ಕಾರಿನ ಕಾಲಕ್ಕೆ ಆ ಲೆಕ್ಕ ಅರ್ಧ ನಿಜವಾಗಿತ್ತು. ಅದರ ಮುಂದಿನ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತಿದ್ದವು. ಶಾಕಪ್ ನಡುವೆ ನಿಂತು ಸ್ಪ್ರಿಂಗಿನ ಕುಣಿತ ತಡೆಯುತ್ತಿತ್ತು, ಅಷ್ಟೇ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿ ಗ್ರಾಹಕನ ಕೈಸೇರಿದಾಗ ಅದರ ಮುಂಗಾಲಿನಲ್ಲಿ ಇದ್ದದ್ದು ಬೇರೆಯೇ ಏರ್ಪಾಡು, ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಸಣ್ಣ ಕಾರೊಂದಕ್ಕೆಂದು ದುಡಿದವನು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಆತ ಫೋರ್ಡ್ ಸೇರಿದ, 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್‌ಗಳಲ್ಲಿ ಅವನ ಸ್ಟ್ರಟ್ ಓಡಾಡುತ್ತಿತ್ತು. ಮೇಲಿನ ತೋಳನ್ನೇ ಕಿತ್ತುಹಾಕಿ ಅದರ ಕೆಲಸವನ್ನೂ ಶಾಕಪ್ಪಿಗೇ ಹೊರಿಸಿದ್ದು ಅವನ ಜಾಣತನ. ಜಾಗ ಉಳಿಯಿತು, ಖರ್ಚು ಉಳಿಯಿತು. ಆದರೆ ಅಂದಿನಿಂದ ಶಾಕಪ್ ಬರೀ ಶಾಕಪ್ ಆಗಿ ಉಳಿಯಲಿಲ್ಲ. ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ಅದನ್ನೇ ಅಚ್ಚಾಗಿ ಮಾಡಿಕೊಂಡು ಹೊರಳುತ್ತದೆ, ಚಕ್ರ ನೆಟ್ಟಗೆ ನಿಲ್ಲುವುದೂ ಅದರ ಆಸರೆಯಿಂದಲೇ. ಜೆನ್, ಆಲ್ಟೊ, ಸ್ಯಾಂಟ್ರೊ ಎಲ್ಲವೂ ಇದೇ ಜಾತಿ.

ಕುಣಿಗಲ್ ಕುದುರೆ ಫಾರಂನ ಕಡೆಯವರಿಗೆ ಮುಂಗಾಲಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲಿರುತ್ತದೆ, ಮುಂದೆ ಎಂಜಿನ್ ಇರುವ ನಮ್ಮ ಸಣ್ಣ ಕಾರುಗಳದ್ದೂ ಹೆಚ್ಚು ಕಡಿಮೆ ಅದೇ ಪಾಲು. ಮುಂಗಾಲು ಕುಂಟುವ ಕುದುರೆಯನ್ನು ಯಾರೂ ಓಟಕ್ಕೆ ಬಿಡುವುದಿಲ್ಲ.

ಸ್ಟ್ರಟ್ ಸೋತಿದೆ ಎಂದು ತಿಳಿಯುವುದು ಹೇಗೆ? ಬಾನೆಟ್ ಮೂಲೆ ಅದುಮಿ ಎಷ್ಟು ಸಲ ಕುಣಿಯಿತೆಂದು ಎಣಿಸುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ, ಪೂರ್ತಿ ಸತ್ತ ಸ್ಟ್ರಟ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಬಿ.ಎಚ್. ರಸ್ತೆಯಲ್ಲಿ ಗುಬ್ಬಿವರೆಗೆ ಹೋಗಿ ಬಂದರೂ ಗೊತ್ತಾಗದೇ ಇರಬಹುದು, ನೇರ ರಸ್ತೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ ಕಡೆ ತಿರುಗಿಸಿ, ಹಂಪು ಬಂದಾಗ ಬ್ರೇಕ್ ಒತ್ತಿ ನೋಡಿ. ಮೂತಿ ನೆಲಕ್ಕೆ ಬಾಗಿದರೆ, ಇಳಿದ ಮೇಲೂ ಕಾರು ತೂಗಾಡುತ್ತಿದ್ದರೆ, ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಮೇಲಿಂದ 'ಟಕ್' ಎಂದರೆ ಅನುಮಾನ ಬಲವಾಯಿತು. (ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡು ಈ ಪರೀಕ್ಷೆ ಬೇಡ, ಮೂತಿ ಮೊದಲೇ ಮೇಲೆದ್ದಿರುತ್ತದೆ.) ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ತಗ್ಗು ಸಿಕ್ಕರೆ, ಸ್ಟ್ರಟ್ಟಿನ ಕೊಳವೆಯ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಮತ್ತೆ ಯಾರನ್ನೂ ಕೇಳುವ ಅಗತ್ಯವಿಲ್ಲ.

ಸ್ಟ್ರಟ್ ಬದಲಿಸುವ ಕೆಲಸ ಮನೆಯಂಗಳದಲ್ಲೇ ಆಗುವಂಥದ್ದು. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಕುಡಿಸಿಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ. ಜಾಕ್ ಎತ್ತಲು ಮಾತ್ರ, ಹೊರಲು ಸ್ಟ್ಯಾಂಡ್ ಬೇರೆಯೇ ಬೇಕು. ಇಟ್ಟಿಗೆ, ಸೈಜುಗಲ್ಲುಗಳ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರುವವರಿಗೆ ಈ ಅಂಕಣ ಅಲ್ಲ. ಚಕ್ರ ಬಿಚ್ಚಿ, ಬ್ರೇಕ್ ಹೋಸನ್ನು ಸ್ಟ್ರಟ್ಟಿನಿಂದ ಬಿಡಿಸಿ, ಕೆಳಗಿನ ಎರಡು ಬೋಲ್ಟು ಮೊದಲು ಹೇಗೆ ಕೂತಿದ್ದವೆಂದು ಗುರುತು ಹಾಕಿ ತೆಗೆಯಿರಿ. ತೆಗೆದೊಡನೆ ಚಕ್ರದ ಗುಂಭ ಹೊರಕ್ಕೆ ವಾಲುತ್ತದೆ. ತಂತಿಯಿಂದ ಕಟ್ಟಿಡದಿದ್ದರೆ ಅದರ ಭಾರ ಹೋಸಿನ ಮೇಲೆ ಬೀಳುತ್ತದೆ, ಡ್ರೈವ್ ಶಾಫ್ಟಿನ ಜಾಯಿಂಟೂ ಕಳಚಬಹುದು. ಬಾನೆಟ್ಟಿನೊಳಗೆ ಮೇಲುಗಡೆಯ ಎರಡೋ ಮೂರೋ ನಟ್ಟು ತೆಗೆದರೆ ಸ್ಟ್ರಟ್ ಕೈಗೆ ಬಂತು.

ನಡುವಿನ ದೊಡ್ಡ ನಟ್ಟನ್ನು ಮಾತ್ರ ಮುಟ್ಟಬೇಡಿ. ಅದರಡಿ ಸ್ಪ್ರಿಂಗ್ ಅದುಮಿಕೊಂಡು ಕೂತಿದೆ. 650 ಕೆ.ಜಿ. ತೂಗುವ ಮಾರುತಿ 800ರಲ್ಲೂ ಒಂದೊಂದು ಮುಂದಿನ ಸ್ಪ್ರಿಂಗು 2 ಕ್ವಿಂಟಲಿನ ಹತ್ತಿರ ಭಾರ ಹೊರುತ್ತದೆ. ನಟ್ಟು ಬಿಚ್ಚಿದರೆ ಆ ಬಲ ಸಿಡಿಯುವುದು ನಿಮ್ಮ ಮುಖದ ಕಡೆಗೇ. ಎರಡು ಕೊಕ್ಕೆಯ ಅಗ್ಗದ ಕಂಪ್ರೆಸರ್ ಬಾಡಿಗೆಗೆ ಸಿಗುತ್ತದೆಂದು ಯಾರಾದರೂ ಹೇಳಿಯಾರು. ಕೊಕ್ಕೆ ಜಾರಿದರೆ ಎರಡನೇ ಅವಕಾಶವಿಲ್ಲ. ಸ್ಟ್ರಟ್ಟನ್ನು ಹಾಗೇ ಸ್ಕೂಟರಿನಲ್ಲಿಟ್ಟುಕೊಂಡು ಗೋಡೆಗೆ ಬಿಗಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಉಳಿದದ್ದೆಲ್ಲ ನಿಮ್ಮ ಕೈಯಲ್ಲೇ ಆಗಲಿ, ಇದೊಂದು ಅವರಿಗಿರಲಿ. ಜತೆಗೆ ಹೊಸ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು ಕೊಂಡೊಯ್ಯಿರಿ. ಸಾವಿರ ಉಳಿಸಲು ಹಳೇ ಮೌಂಟನ್ನೇ ಹಾಕಿಸಿದರೆ ಆ 'ಟಕ್' ಮತ್ತೆ ಕೇಳಲು ಬಹಳ ದಿನ ಕಾಯಬೇಕಿಲ್ಲ.

ಇನ್ನು, ಕೊಳವೆಗೆ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿಕೊಡುವ 'ರೀಕಂಡೀಷನ್' ಶಾಕಪ್. ಅದರೊಳಗಿನ ವಾಲ್ವು, ಸೀಲು ಸವೆದದ್ದು ಸವೆದೇ ಇರುತ್ತದೆ. ಆ ಹಣವನ್ನು ಹೋಟೆಲಿನಲ್ಲಿ ಕಳೆದರೂ ವಾಸಿ.

ಒಂದೇ ಬದಿ ಬದಲಿಸಿ ಬಂದೆ ಎನ್ನಬೇಡಿ, ಎರಡೂ ಬದಿ ಒಟ್ಟಿಗೆ ಆಗಬೇಕು. ಬೋಲ್ಟುಗಳನ್ನು ಕಾರಿನ ಸರ್ವಿಸ್ ಪುಸ್ತಕ ಹೇಳಿದಷ್ಟು ಟಾರ್ಕ್ ರೆಂಚಿನಿಂದ ಬಿಗಿಯಿರಿ. ಗುರುತು ಎಷ್ಟೇ ಸರಿಯಾಗಿ ಹಾಕಿದ್ದರೂ ಚಕ್ರದ ವಾಲಿಕೆ ಒಂದಿಷ್ಟು ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಗುಬ್ಬಿಗೂ ಹೊರಡಬೇಡಿ, ಕುಣಿಗಲ್ಲಿಗೂ ಹೊರಡಬೇಡಿ.